ನೇರಳೆ ಎಕ್ಕ

ಮೊನ್ನೆ ಭಾನುವಾರ ಮನೆ ಓನರ್ ಬಂದಿದ್ರು. ಗೇಟ್ ಪಕ್ಕದ ಎಕ್ಕದ ಗಿಡ ನೋಡಿ, "ಬಿಳಿ ಎಕ್ಕ ಆಗಿದ್ರೆ ಇರ್ಲಿ ಅಂತಿದ್ದೆ, ಗಣಪತಿಗೆ ಶ್ರೇಷ್ಠ. ಇದು ನೇರಳೆದು. ಕಿತ್ತಾಕ್ಬಿಡಿ" ಅಂದರು.

ನನಗೆ ಶಾಲೆ ನೆನಪಾಯ್ತು. ನಮ್ಮೂರ ಶಾಲೆಯ ಕೈತೋಟದಲ್ಲಿ ಗುಲಾಬಿ, ದಾಸವಾಳ ಇದ್ದವು. ಅವಕ್ಕೆ ನೀರು ಹಾಕೋರು ಊರೊಳಗಿನ ಹುಡುಗರು. ಬಿಂದಿಗೆ ನಾವು ಮುಟ್ಟಂಗಿರಲಿಲ್ಲ. ಬೇಲಿ ಹತ್ರ ಎಕ್ಕ ಬೆಳೆದಾಗ ಮಾತ್ರ "ಕೇರಿ ಹುಡುಗರನ್ನ ಕರೀರಿ" ಅನ್ನೋರು. ಕಿತ್ತು ಕಿತ್ತು ಕೈಯೆಲ್ಲ ಹಾಲಂಟು. ಬರಿಗಾಲಿಗೆ ಮುಳ್ಳು ಮುರಿದಾಗ ನಮ್ಮವ್ವ ಹಚ್ಚುತ್ತಿದ್ದುದೂ ಅದೇ ಎಕ್ಕದ ಹಾಲು.

ಹೋದ ವರ್ಷ ಈ ಗಿಡ ತಾನಾಗೇ ಹುಟ್ಟಿತು. ನಿಜ ಹೇಳ್ತೀನಿ, ಕೀಳೋಕೆ ಮೊದಲು ಬಗ್ಗಿದವನು ನಾನೇ. ಅವರು ಕಲಿಸಿದ್ದು ನಮ್ಮ ಕೈಗೂ ಅಂಟಿರುತ್ತೆ. ಮಗಳು ತಡೆದಳು, "ಅಪ್ಪಾ, ಹುಳ ಇದೆ ನೋಡು."

ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಮನೆಮುಂದಿನ ಗುಲಾಬಿ ಎಲೆ ಇದರ ಹೊಟ್ಟೆಗಾಗಲ್ಲ, ಎಕ್ಕದ ಜಾತಿಯ ಹಾಲುಗಿಡಗಳೇ ಬೇಕು. ಎಲೆಯ ನರ ಕಡಿದು, ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ತಿನ್ನುತ್ತೆ. ಆದರೂ ಒಂದಿಷ್ಟು ವಿಷ ಮೈ ಸೇರುತ್ತೆ. ಅದೇ ಅದಕ್ಕೆ ಕಾವಲು, ಹಕ್ಕಿಗಳು ಹತ್ರ ಬರಲ್ಲ. ಕೆಲವೇ ವಾರದಲ್ಲಿ ಕಿತ್ತಳೆ ರೆಕ್ಕೆ, ಕಪ್ಪಂಚಿನ ಚಿಟ್ಟೆ ಹಾರಿತು. ಮಗಳು ಚಪ್ಪಾಳೆ ಹೊಡೆದಳು.

ಬಿಳಿ ಎಕ್ಕ, ನೇರಳೆ ಎಕ್ಕ ಎರಡೂ ಒಂದೇ ಗಿಡ ಕಣ್ರೀ. ಹೂವಿನ ಬಣ್ಣ ಬೇರೆ ಅಷ್ಟೇ. ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಮಚ್ಚು. ಈ ಲೆಕ್ಕ ನಮಗೆ ಹೊಸದಾ?

"ಕೀಳಲ್ಲ ಸರ್" ಅಂದೆ. ಓನರ್ ಮುಖ ಗಂಟಿಕ್ಕಿಕೊಂಡು ಹೋದರು. "ನೀವು ಯಾವ ಜನ?" ಅಂತ ಕೇಳದ ಮನೆ ಹುಡುಕೋಕೆ ಎಷ್ಟು ಬೀದಿ ಸುತ್ತಿದ್ದೆ ಅಂತ ನನಗೇ ಗೊತ್ತು. ಅಗ್ರಿಮೆಂಟ್ ಮುಗಿಯೋಕೆ ಇನ್ನು 3 ತಿಂಗಳು. ಹೆಂಡತಿಗೆ ಭಯ ಇದೆ. ನನಗೂ ಇದೆ.

ಅದಕ್ಕೇ ಬೀಜ ಎತ್ತಿಟ್ಟಿದ್ದೀನಿ. ಕಾಯಿ ಒಣಗಿ ಬಿರಿದಾಗ ರೇಷ್ಮೆಯಂಥ ಹತ್ತಿ ಜೊತೆ ಬೀಜ ಬರುತ್ತೆ. ಮಳೆ ಬಿದ್ದಮೇಲೆ ಬಿಸಿಲಿರೋ ಕಡೆ ಮಣ್ಣಿಗೆ ಹಾಕಿ, ಗೊಬ್ಬರ ಬೇಡ. ಔಷಧಿ ಹೊಡೀಬೇಡಿ, ಹುಳ ಸಾಯುತ್ತೆ. ಹಾಲು ಕಣ್ಣಿಗೆ ಬೀಳದಂಗೆ ನೋಡ್ಕೊಳ್ಳಿ, ಮಕ್ಕಳ ಬಗ್ಗೆ ಹುಷಾರು.

ಬೇಕಾದೋರು ಕೇಳಿ, ಕೊಡ್ತೀನಿ. ನಾವು ಮನೆ ಬಿಟ್ಟರೂ ಚಿಟ್ಟೆಗೆ ಒಂದು ಮನೆ ಇರಲಿ.

ಜೈ ಭೀಮ್.