ಎರಡು ಶುಭ ಶುಕ್ರವಾರಗಳ ಊರು

ಕಳೆದ ಜೂನ್ ತಿಂಗಳಲ್ಲಿ ಮಗಳ ಕುಟುಂಬದೊಡನೆ ಅಲಾಸ್ಕದ ಕಾರ್ಡೋವಾ ಎಂಬ ಮೀನುಗಾರರ ಊರಿಗೆ ಹೋಗಿದ್ದೆ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗಿನಲ್ಲಿ ಇಲ್ಲವೇ ವಿಮಾನದಲ್ಲಿಯೇ ತಲುಪಬೇಕು. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟದು. ಕಯಾಕ್ ಎಂಬ ಕಿರುದೋಣಿಯಲ್ಲಿ ಕಡಲಿಗಿಳಿಯುವುದು, ಶೆರಿಡನ್ ಹಿಮನದಿಯವರೆಗೆ ನಡೆಯುವುದು ನಮ್ಮ ಉದ್ದೇಶವಾಗಿತ್ತು. ಅರವತ್ತು ದಾಟಿದ ನನಗೆ ಅದು ಸಾಹಸವೇ ಸರಿ.

ಮೊದಲ ದಿನ ನಮ್ಮ ದೋಣಿಯ ಸನಿಹದಲ್ಲೇ ಕಡಲ ನೀರುನಾಯಿಗಳು ಮರಿಗಳನ್ನು ಎದೆಯ ಮೇಲಿರಿಸಿಕೊಂಡು ಅಂಗಾತ ತೇಲುತ್ತಿದ್ದವು. ಮರುದಿನ ಹಿಮನದಿಯ ಬುಡದ ಸರೋವರದಲ್ಲಿ ನೀಲಿ ಹಿಮಗಡ್ಡೆಗಳನ್ನು ಕಂಡು ಮೊಮ್ಮಗ ಕುಣಿದಾಡಿದ. ನನ್ನ ಮನಸ್ಸು ಮಾತ್ರ ಊರಿನಲ್ಲಿತ್ತು. ಗದ್ದೆಯ ಗಡಿಯ ವಿಷಯವಾಗಿ ಅಣ್ಣನೊಡನೆ ಹನ್ನೊಂದು ವರ್ಷಗಳಿಂದ ದಾವೆ ನಡೆದಿದೆ, ಮಾತುಕತೆ ನಿಂತಿದೆ.

ಮೂರನೆಯ ದಿನ ಬಂದರಿನಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧ ಮೀನುಗಾರರೊಬ್ಬರು ಊರಿನ ಕಥೆ ಹೇಳಿದರು. 1964ರ ಮಾರ್ಚ್ 27, ಶುಭ ಶುಕ್ರವಾರದ ಸಂಜೆ. ಅವರಾಗ ಒಂಬತ್ತು ವರ್ಷದ ಬಾಲಕ. 9.2 ಪ್ರಮಾಣದ ಭೂಕಂಪಕ್ಕೆ ಅಲ್ಲಿಯ ನೆಲವೇ ಸುಮಾರು ಆರು ಅಡಿ ಮೇಲೆದ್ದಿತು. ಬಂದರಿನ ಆಳ ಕುಗ್ಗಿತು. ಊರು ಚೇತರಿಸಿಕೊಂಡಿತು. ಇಪ್ಪತ್ತೈದು ವರ್ಷಗಳ ಬಳಿಕ, 1989ರ ಮಾರ್ಚ್ 24, ಮತ್ತೆ ಶುಭ ಶುಕ್ರವಾರ. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ 'ಎಕ್ಸಾನ್ ವಾಲ್ಡೀಜ್' ತೈಲನೌಕೆ ಬಂಡೆಗೆ ಬಡಿದು, ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಅವರ ಕಡಲಿಗೆ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸುರಿಯಿತು. 1993ರಲ್ಲಿ ಹೆರಿಂಗ್ ಮೀನಿನ ಸಂತತಿ ಕುಸಿದುಬಿತ್ತು. ಸಾಲ ಮಾಡಿ ದೋಣಿ ಕೊಂಡವರು ದಿವಾಳಿಯಾದರು.

1994ರಲ್ಲಿ ನ್ಯಾಯಾಲಯದ ಜ್ಯೂರಿ 500 ಕೋಟಿ ಡಾಲರ್ ದಂಡರೂಪದ ಪರಿಹಾರ ವಿಧಿಸಿತು. ಮೇಲ್ಮನವಿಗಳ ಬಳಿಕ 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಅನೇಕರು ತೀರಿಹೋಗಿದ್ದರು.

"ಅಷ್ಟು ವರ್ಷ ಹೇಗೆ ಕಾದಿರಿ?" ಎಂದು ಕೇಳಿದೆ.

"ನ್ಯಾಯ ಕೇಳುವುದನ್ನು ಬಿಡಲಿಲ್ಲ, ಆದರೆ ಕಾಯುತ್ತ ಕೂರಲೂ ಇಲ್ಲ. ಪ್ರತಿ ಮೇ ತಿಂಗಳಲ್ಲಿ ಕಾಪರ್ ನದಿಗೆ ಸಾಲ್ಮನ್ ಬರುತ್ತದೆ. ಬಲೆ ಸಿದ್ಧವಿರಬೇಕಲ್ಲ? ಕೂತವರು ದಡದಲ್ಲೇ ಮುದುಕರಾದರು," ಎಂದು ಅವರು ಮತ್ತೆ ಬಲೆಯತ್ತ ಬಾಗಿದರು.

ನದಿಯಲ್ಲಿ ಹುಟ್ಟಿ ಕಡಲಿಗೆ ಹೋಗುವ ಸಾಲ್ಮನ್, ವರ್ಷಗಳ ಬಳಿಕ ಪ್ರವಾಹಕ್ಕೆದುರಾಗಿ ಈಜಿ ತನ್ನ ತವರುನದಿಗೇ ಮರಳುತ್ತದೆ. ಮೀನಿಗೆ ತಿಳಿದ ದಾರಿ ನನಗೇಕೆ ಮರೆತುಹೋಯಿತು? ಶುಭ ಶುಕ್ರವಾರದಲ್ಲೇ ನಿಂತುಬಿಡುವವನಿಗೆ ಭಾನುವಾರದ ಮುಂಜಾವು ಕಾಣುವುದಾದರೂ ಎಂತು? ನಾನು ಹನ್ನೊಂದು ವರ್ಷ ದಡದಲ್ಲೇ ಕೂತಿದ್ದೆ.

ರಾತ್ರಿ ಹತ್ತಾದರೂ ಆಕಾಶದಲ್ಲಿ ಬೆಳಕಿತ್ತು. ನಮ್ಮೂರಿನಲ್ಲಿ ಮರುದಿನದ ಮಧ್ಯಾಹ್ನ ಸಮೀಪಿಸುತ್ತಿತ್ತು. ನಡುಗುವ ಕೈಯಿಂದ ಅಣ್ಣನಿಗೆ ಫೋನು ಮಾಡಿದೆ. ಬಹಳ ಹೊತ್ತು ಆಚೆಯಿಂದ ಉಸಿರಿನ ಸದ್ದು ಮಾತ್ರ. ಬಳಿಕ ಅಣ್ಣ ಕೇಳಿದ: "ಅಲ್ಲಿ ಒಳ್ಳೆಯ ಮೀನು ಸಿಗುತ್ತದೇನೋ?"

ಗಡಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಈಗ ನಾವು ಮಾತನಾಡುತ್ತಿದ್ದೇವೆ.