ಪಂಪ್‌ಹೌಸಿನ ಕೊಡ

ಕರ್ನಲ್ಲು, ಡ್ರೈವರ್ರು ಅಂದ ಕೂಡಲೇ ಓಡಿಹೋಗಬೇಡಿ ಮಾರಾಯ್ರೇ, ಇದು ಕೊನೆಗೆ ಒಂದು ಕೊಡ ನೀರಿನ ಕಥೆ.

ಲಿನಕ್ಸ್ ಕರ್ನಲ್ಲಿನಲ್ಲಿ ಡಿಸ್ಕಿನ ಡ್ರೈವರ್ ಬರೆಯುವುದು ನನ್ನ ಹೊಟ್ಟೆಪಾಡು. ಹೋದ ತಿಂಗಳು ನಮ್ಮ ಟೆಸ್ಟಿಂಗ್ ಹುಡುಗ ಬಂದು "ಸರ್, ಮೆಮೊರಿ ತುಂಬಿದಾಗ ಮೆಷಿನ್ ಹಾಗೇ ನಿಂತುಬಿಡುತ್ತೆ" ಅಂದ. "ರ‍್ಯಾಮ್ ಕಮ್ಮಿ ಇದೆ, ಜಾಸ್ತಿ ಹಾಕಿಸ್ಕೋ ಹೋಗು" ಅಂತ ಎಲ್ಲರೆದುರು ನಕ್ಕು ಕಳಿಸಿದೆ. ಪಾಪ, ಅವನು ನಾಲ್ಕು ರಾತ್ರಿ ಕೂತು ಅದೇ ಹ್ಯಾಂಗನ್ನು ಮತ್ತೆ ಹಿಡಿದು ತಂದ. ಸ್ಟ್ಯಾಕ್ ಟ್ರೇಸ್ ನೋಡಿದರೆ... ತಪ್ಪು ನಂದೇ!

ಆಗಿದ್ದು ಇಷ್ಟು. ರ‍್ಯಾಮ್ ಖಾಲಿಯಾಗುತ್ತಾ ಬಂದಾಗ ಕರ್ನಲ್ ಕೆಲವು ಪೇಜುಗಳನ್ನು ಸ್ವಾಪಿಗೆ, ಅಂದರೆ ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ಆ ಡಿಸ್ಕಿಗೆ ಇರುವ ದಾರಿ ನನ್ನ ಡ್ರೈವರ್. ನಾನೋ, ಪ್ರತಿ ರೈಟಿಗೂ ಒಂದು ಪುಟ್ಟ ಸ್ಟ್ರಕ್ಚರಿಗಾಗಿ ಜಿಎಫ್‌ಪಿ_ಕರ್ನಲ್ ಫ್ಲ್ಯಾಗ್ ಕೊಟ್ಟು ಮೆಮೊರಿ ಕೇಳುತ್ತಿದ್ದೆ. "ಇಲ್ಲದಿದ್ದರೆ ಡಿಸ್ಕಿಗೆ ಬರೆದಾದರೂ ಹೊಂದಿಸಿ ಕೊಡು, ಕಾಯ್ತೀನಿ" ಅಂತ ಅದರರ್ಥ. ಮೆಮೊರಿ ಸಿಗಲು ಡಿಸ್ಕಿಗೆ ಬರೆಯಬೇಕು, ಬರೆಯಲು ಮೆಮೊರಿ ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ!

ಜಿಎಫ್‌ಪಿ_ನೋಐಓ ಕೊಟ್ಟರೆ ಕರ್ನಲ್ ಮೆಮೊರಿ ಹುಡುಕಲು ಡಿಸ್ಕಿಗೆ ಕೈ ಹಾಕುವುದಿಲ್ಲ. ಆದರೆ ಮೆಮೊರಿ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಅದಕ್ಕೇ ಇಂಗೋ ಮೋಲ್ನಾರ್ 2001ರಲ್ಲಿ ಮೆಮ್‌ಪೂಲ್ ಬರೆದಿದ್ದು. ಮೊದಲೇ ಒಂದಿಷ್ಟು ಸ್ಟ್ರಕ್ಚರ್ ಎತ್ತಿಡುವುದು. ಮಾಮೂಲಿ ದಾರಿಯಲ್ಲಿ ಸಿಗದಿದ್ದರೆ ಮಾತ್ರ ಅದಕ್ಕೆ ಕೈ ಹಾಕುವುದು. ಕೆಲಸ ಮುಗಿದ ಕೂಡಲೇ ವಾಪಸ್ ಇಡುವುದು. ಅದೂ ಖಾಲಿಯಿದ್ದರೆ, ಮುಂದೆ ಹೋದ ರೈಟ್ ಮುಗಿದು ತನ್ನದನ್ನು ವಾಪಸ್ ಇಡುವ ತನಕ ಕಾಯುವುದು.

ಇದನ್ನು ಓದುತ್ತಿದ್ದಾಗ ಅಪ್ಪನ ಕೊಡ ನೆನಪಾಯಿತು.

ನಮ್ಮ ತೋಟದ ಬಾವಿಯ ಪಂಪಿನ ಫುಟ್‌ವಾಲ್ವ್ ಸೋರುತ್ತಿತ್ತು. ಪೈಪಿನ ನೀರು ಇಳಿದುಹೋದರೆ ಪಂಪು ಬರೀ ಗಾಳಿ ಎಳೆಯುತ್ತದೆ. ನೀರೆತ್ತಲು ಮೊದಲು ನೀರು ಹಾಕಬೇಕು. ಅದಕ್ಕೆಂದೇ ಪಂಪ್‌ಹೌಸಿನಲ್ಲಿ ಒಂದು ಕೊಡ ನೀರು ಸದಾ ಇರುತ್ತಿತ್ತು, ಯಾರೂ ಮುಟ್ಟುವಂತಿಲ್ಲ. ಪಂಪು ನೀರೆತ್ತಿದ ಕೂಡಲೇ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಆ ಕೊಡ ತುಂಬಿಡುವುದು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಕ್ರಿಕೆಟ್ ಆಡಿ ಬಂದವನು ಆ ನೀರಿನಲ್ಲಿ ಕಾಲು ತೊಳೆದುಕೊಂಡೆ. ರಾತ್ರಿ ಎರಡಕ್ಕೆ ಕರೆಂಟು ಬಂತು. ಅಪ್ಪ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಬಾವಿಯ ಮೆಟ್ಟಿಲಿಳಿದು ನೀರು ತರುವಷ್ಟರಲ್ಲಿ ಕರೆಂಟು ಹೋಗಿತ್ತು. ಬೈಯಲಿಲ್ಲ. ಬೆಳಗ್ಗೆ ನೋಡಿದರೆ ಕೊಡ ತುಂಬಿತ್ತು.

ಆ ಹುಡುಗನ ಹತ್ತಿರ ಹೋಗಿ, ಎಲ್ಲರೆದುರೇ, ಸಾರಿ ಕೇಳಿದೆ. ಡ್ರೈವರಿಗೆ ಮೆಮ್‌ಪೂಲ್ ಹಾಕಿದೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ವಿವರಿಸಿದರೆ, "ಒಂದು ಕೊಡ ನೀರು ಎತ್ತಿಡೋದಕ್ಕೆ ಅಷ್ಟು ಸಂಬಳ ಕೊಡ್ತಾರೇನೋ?" ಅನ್ನಬೇಕೇ!

ನಿಮ್ಮ ಮನೆಯಲ್ಲೂ ಇಂಥ ಮುಟ್ಟಬಾರದ ಕೊಡ ಇತ್ತಾ?