ಬಾ ಅವರ ಟಾಂಕಾ

ಧಾರವಾಡದಿಂದ ಬಂದ ನಾವು ಅಹಮದಾಬಾದಿನ ಹಳೆಯ ಊರಿನ ಒಂದು ಪೋಳದಲ್ಲಿ ಬಾಡಿಗೆಗಿದ್ದೆವು. ಪೋಳವೆಂದರೆ ಒಂದೇ ಹೆಬ್ಬಾಗಿಲಿನೊಳಗೆ ಒತ್ತೊತ್ತಾಗಿ ಮನೆಗಳಿರುವ ಓಣಿ. 1985ರಿಂದ 1987ರವರೆಗೆ ಸಾಲಾಗಿ ಮೂರು ವರ್ಷ ಗುಜರಾತಿನಲ್ಲಿ ಮಳೆ ಕೈಕೊಟ್ಟಿತು. 1986ರಲ್ಲಿ ರಾಜಕೋಟಕ್ಕೆ ರೈಲಿನಲ್ಲಿ ನೀರು ಸಾಗಿಸಬೇಕಾಯಿತೆಂದರೆ ವಾಚಕರು ಊಹಿಸಿಕೊಳ್ಳಬಹುದು.

ನಮ್ಮ ನಲ್ಲಿಗೆ ಬೆಳಗಿನ ಜಾವ ಅರ್ಧ ತಾಸು ನೀರು. ನಾವು ಅದಕ್ಕೂ ಲೆಕ್ಕ ಹಾಕಿದೆವು: ಕುಡಿಯಲು ಎರಡು ಕೊಡ, ಅಡಿಗೆಗೆ ಒಂದು, ಸ್ನಾನಕ್ಕೆ ತಲೆಗೊಂದು ಬಕೆಟ್ಟು. ಅಕ್ಕಿ ತೊಳೆದ ನೀರು ಮುಸುರೆಗೆ, ಬಟ್ಟೆ ಒಗೆದ ನೀರು ಪಾಯಖಾನೆಗೆ. ಮಕ್ಕಳು ಒಪ್ಪಿದರು, ಒಪ್ಪದವರು ನಮ್ಮ ಅತ್ತೆಯವರು. ಅವರ ಮಡಿಗೆ ಮೂರು ಬಕೆಟ್ಟು ಬೇಕು. ಬೇಡವೆನ್ನುವ ಧೈರ್ಯ ನಮಗೆಲ್ಲಿಯದು?

ಒಂದು ದಿನ ನಲ್ಲಿ ಬರಲೇ ಇಲ್ಲ. ಎದುರು ಮನೆಯ ಮುದುಕಿ ನಮ್ಮನ್ನು ಕರೆದರು. ಓಣಿಗೆಲ್ಲ ಅವರು 'ಬಾ', ಎಂದರೆ ತಾಯಿ. ಅವರ ಅಂಗಳದಡಿ ಟಾಂಕಾ ಇತ್ತು. ಮಾಳಿಗೆಯ ಮಳೆನೀರು ಕೊಳವೆಯಲ್ಲಿಳಿದು ಈ ನೆಲದೊಳಗಿನ ತೊಟ್ಟಿ ಸೇರುತ್ತದೆ. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದು ಆ ನೀರನ್ನು ಹೊರಗೆ ಬಿಡುತ್ತಾರೆ. ಮುಂದಿನದನ್ನೇ ತುಂಬಿಸಿ ಮುಚ್ಚುತ್ತಾರೆ. ಬಿಸಿಲು ತಾಕದ ನೀರು ಬೇಗ ಕೆಡದು. "ಕುಡಿಯಲಿಕ್ಕೆ ಮಾತ್ರ" ಎಂದು ಬಾ ಒಂದು ಕೊಡ ಸೇದಿಕೊಟ್ಟರು.

ಅತ್ತೆಯವರು ಅದನ್ನು ಮುಟ್ಟಲಿಲ್ಲ. "ಮಂದಿ ಸೇದಿದ ನೀರು ನಮ್ಮ ಮಡಿಗೆ ನಡಿಯೂದಿಲ್ಲ" ಎಂದು ಮಧ್ಯಾಹ್ನದ ತನಕ ಒಣ ಬಾಯಲ್ಲೇ ಕುಳಿತರು. ಸುದ್ದಿ ಬಾ ಅವರಿಗೆ ಮುಟ್ಟಿತು. ಸಿಟ್ಟಾಗುವರೆಂದು ನಾವು ಅಂಜಿದೆವು. ಅವರೋ ತಾಮ್ರದ ಬಿಂದಿಗೆಯನ್ನು ಫಳಫಳ ಬೆಳಗಿ, ಹಗ್ಗ ಸಮೇತ ತಂದು ಅತ್ತೆಯವರ ಕೈಗಿಟ್ಟರು. "ನೀವೇ ಸೇದಿಕೊಳ್ಳಿ, ಬೆನ್. ಇದು ನಮ್ಮ ನೀರಲ್ಲ, ಮಳೆಯದು."

ಅತ್ತೆಯವರು ಸೇದಿದರು, ಕುಡಿದರು. ಮರುದಿನದಿಂದ ಮೂರು ಬಕೆಟ್ಟು ಒಂದಾಯಿತು. ನಾವು ಹೇಳಬೇಕಾಗಿಯೇ ಬರಲಿಲ್ಲ.

ಈಗ ನಾವು ನದಿಯಾಚೆಯ ಹೊಸ ಬಡಾವಣೆಯಲ್ಲಿದ್ದೇವೆ. ಬಡೋದೆಯವರಿಗೆ ಆಜವಾ ಕೆರೆ, ಸೂರತದವರಿಗೆ ತಾಪಿ ಇದ್ದಂತೆ ನಮಗೆ ನರ್ಮದೆ ಬಂದಿದ್ದಾಳೆ. ಮೊಮ್ಮಗ ನಲ್ಲಿ ತೆರೆದಿಟ್ಟೇ ಹಲ್ಲುಜ್ಜುತ್ತಾನೆ. ಗದರಿದರೆ, "ನೀರು ಬರ್ತದಲ್ಲ, ಅಜ್ಜಿ!" ಎನ್ನುತ್ತಾನೆ. ಬರುತ್ತದೆ, ನಿಜ, ಬಹುದೂರದ ಅಣೆಕಟ್ಟಿನಿಂದ, ಕಾಲುವೆ ಹಿಡಿದು. ಅಲ್ಲಿಯೂ ಮಳೆಯೇ ಬೀಳಬೇಕಷ್ಟೆ?

ಹಳೆಯ ಊರಿನಲ್ಲಿರುವ ಸದಸ್ಯರಲ್ಲಿ ಒಂದು ವಿನಂತಿ: ನಿಮ್ಮ ಮನೆಯ ಟಾಂಕಾದ ಮೇಲೆ ಕಪಾಟು ಇಟ್ಟಿದ್ದರೆ, ಈ ಮಳೆಗಾಲಕ್ಕೆ ಮುಂಚೆ ಅದನ್ನೊಮ್ಮೆ ಸರಿಸಿ ನೋಡಿರಿ.